ನೆಲದಡಿಯ ಋಣ

ಕಳೆದ ವರ್ಷ ಮಾಗಿಯ ಒಂದು ಬೆಳಗ್ಗೆ ನಮ್ಮ ತಂದೆಯವರನ್ನು ಕಣ್ಣಿನ ವೈದ್ಯರಿಗೆ ತೋರಿಸಲೆಂದು ನಂದಿದುರ್ಗದಿಂದ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ವೈದ್ಯರಿದ್ದುದು ಜಯನಗರದಲ್ಲಿ. ಸಿಟಿ ಸ್ಟೇಷನ್ನಿನಲ್ಲಿ ಇಳಿದು, ಮೆಜೆಸ್ಟಿಕ್ಕಿನ ನೆಲದಡಿಯ ನಿಲ್ದಾಣಕ್ಕೆ ಹೋಗಿ ಮೆಟ್ರೊ ರೈಲು ಹಿಡಿದರೆ ಬಹಳ ಹೊತ್ತಿನ ದಾರಿಯಲ್ಲ. ಹಿರಿಯರಿಗೆ ಹೊಸದೊಂದನ್ನು ತೋರಿಸುವಾಗ ಮಕ್ಕಳಲ್ಲಿ ಏಳುವ ಸಣ್ಣ ಜಂಬವೊಂದುಂಟಷ್ಟೆ. ಅದು ನನ್ನಲ್ಲಿಯೂ ಇತ್ತು. ತಾನಾಗಿ ಇಳಿಯುವ ಮೆಟ್ಟಿಲು, ಹಗಲನ್ನು ಮರೆಸುವ ದೀಪ, ಹದವಾದ ತಂಗಾಳಿ, ಕನ್ನಡಿಯಂಥ ನೆಲ, ಎಲ್ಲವನ್ನೂ ನಾನೇ ಕಟ್ಟಿಸಿದವನಂತೆ ಒಂದೊಂದಾಗಿ ತೋರಿಸುತ್ತ ನಡೆದೆ. ಅವರು ಇದಾವುದನ್ನೂ ಅಷ್ಟಾಗಿ ಗಮನಿಸಿದಂತೆ ಕಾಣಲಿಲ್ಲ. ಪ್ಲಾಟ್‌ಫಾರಂ ತಲುಪಿದ ಮೇಲೆ ಮೆಲ್ಲನೆ ಗೋಡೆಯ ಬಳಿ ಸರಿದು, ಅದರ ಮೇಲೆ ಅಂಗೈಯಿಟ್ಟು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಕೇಳಿದರು: "ಇಲ್ಲಿಯ ನೀರು ಎಲ್ಲಿಗೆ ಹೋಗುತ್ತದೆ?"

ಯಾವ ನೀರು ಎಂಬುದೇ ನನಗೆ ಮೊದಲು ಹೊಳೆಯಲಿಲ್ಲ. ಅಲ್ಲಿ ಒಂದು ಹನಿ ನೀರಿರಲಿಲ್ಲ. ಆದರೆ ತಂದೆಯವರು ನಂದಿದುರ್ಗದ ಗಣಿಯಲ್ಲಿ ಸುಮಾರು ಮೂವತ್ತು ವರ್ಷ ನೆಲದಡಿಯಲ್ಲಿ ಪಂಪು ನೋಡಿಕೊಂಡವರು. ಅವರ ಲೋಕದಲ್ಲಿ ನೆಲದೊಳಗೆ ಟೊಳ್ಳೊಂದು ಇದೆಯೆಂದರೆ ಅಲ್ಲಿಗೆ ನೀರು ಬರುತ್ತಲೇ ಇರುತ್ತದೆ; ಯಾರೋ ಒಬ್ಬರು ಅದನ್ನು ಹಗಲಿರುಳು ಎತ್ತಿ ಹೊರಗೆ ಹಾಕುತ್ತಲೇ ಇರುತ್ತಾರೆ. ನೀರು ಕಾಣುತ್ತಿಲ್ಲವೆಂದರೆ ನೀರಿಲ್ಲವೆಂದು ಅರ್ಥವಲ್ಲ. ಆ ಯಾರೋ ಒಬ್ಬರು ಎಚ್ಚರವಾಗಿದ್ದಾರೆ ಎಂದು ಅರ್ಥ. ನಾನು ನಿಲ್ದಾಣವನ್ನು ನೋಡುತ್ತಿದ್ದೆ. ಅವರು ಆ ಎಚ್ಚರವಾಗಿರುವವನನ್ನು ಹುಡುಕುತ್ತಿದ್ದರು. ಅಂದಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಓದುಗರ ಮುಂದೆ ಅದನ್ನು ಇಟ್ಟು ಹಗುರಾಗೋಣವೆಂದು ಇದನ್ನು ಬರೆಯುತ್ತಿದ್ದೇನೆ.

ನೆಲದಡಿಯ ರೈಲು ನಿಲ್ದಾಣವೆಂದರೆ ಬೆಂಗಳೂರಿನವರಿಗೆ ಹೊಸದು. ಲಂಡನ್ನಿನಲ್ಲಿ ಉಗಿಬಂಡಿ ನೆಲದಡಿಯಲ್ಲಿ ಓಡಿದ್ದು 1863ರಲ್ಲಿ. ನಮ್ಮ ದೇಶದಲ್ಲಿ ಕಲಕತ್ತೆಯ ಮೆಟ್ರೊ ಹೊರಟದ್ದು 1984ರಲ್ಲಿ. ಬೆಂಗಳೂರಿನ ನೆಲದಡಿಯ ಮೊದಲ ದಾರಿ ಜನರಿಗೆ ತೆರೆದದ್ದು 2016ರ ಏಪ್ರಿಲ್ ಕೊನೆಯಲ್ಲಿ. ಆದರೆ ನೆಲದಡಿಯಲ್ಲಿ ಹಳಿ, ಹಳಿಯ ಮೇಲೆ ಬಂಡಿ, ಬಂಡಿ ಬಂದು ನಿಲ್ಲುವ ನಿಲ್ದಾಣ, ಇವು ಕೋಲಾರದ ಚಿನ್ನದ ಗಣಿಯವರಿಗೆ ಮುತ್ತಜ್ಜನ ಕಾಲದ ಸಂಗತಿ. ಗಣಿಯ ಭಾಷೆಯಲ್ಲಿ, ನೇರವಾಗಿ ಕೆಳಗಿಳಿಯುವ ಬಾವಿಯಿಂದ ಅಡ್ಡ ಸುರಂಗಗಳು ಕವಲೊಡೆಯುವ ಜಾಗಕ್ಕೆ ಸ್ಟೇಷನ್ ಎಂದೇ ಹೆಸರು.

ಆ ನಿಲ್ದಾಣದ ರಚನೆ ಹೀಗೆ: ಮೇಲೆ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ಚಕ್ರ. ಚಕ್ರದ ಮೇಲೆ ಹಾಯ್ದ ಉಕ್ಕಿನ ಹಗ್ಗದ ತುದಿಗೆ ಕೇಜು, ಎಂದರೆ ಪಂಜರ. ಕೆಲಸಗಾರರು ಅದರೊಳಗೆ ಒತ್ತಾಗಿ ನಿಲ್ಲುವರು. ಗಂಟೆಯ ಸಂಕೇತ ಕೇಳಿದೊಡನೆ ಮೇಲಿನ ಯಂತ್ರದವನು ಹಗ್ಗ ಬಿಡುವನು. ಪಂಜರ ಕತ್ತಲೊಳಕ್ಕೆ ಧುಮುಕುವುದು. ನೂರಾರು ಅಡಿಗೊಂದರಂತೆ ಹಂತಗಳು. ಪ್ರತಿ ಹಂತದಲ್ಲಿಯೂ ಬಂಡೆಯನ್ನು ಅಗಲಿಸಿ ಮಾಡಿದ ಒಂದು ಅಂಗಳ. ಅಲ್ಲಿಂದ ಹಳಿಗಳು ಅದಿರಿನ ಎಡೆಗೆ ಹೋಗುವುವು. ಒಡೆದ ಕಲ್ಲನ್ನು ಬಂಡಿಗಳಲ್ಲಿ ತುಂಬಿ ಈ ಅಂಗಳಕ್ಕೆ ತಂದು ಮೇಲಕ್ಕೆ ಕಳುಹಿಸುವರು. ಒಂದು ಪಕ್ಕದಲ್ಲಿ ನೀರಿನ ತೊಟ್ಟಿ, ಪಂಪಿನ ಕೋಣೆ. ಕೆಳಗಿನ ತೊಟ್ಟಿಯಿಂದ ಮೇಲಿನ ತೊಟ್ಟಿಗೆ, ಅಲ್ಲಿಂದ ಇನ್ನೂ ಮೇಲಕ್ಕೆ, ಏಣಿ ಹತ್ತಿದಂತೆ ನೀರು ಹತ್ತಬೇಕು. ತಂದೆಯವರು ಬದುಕು ಕಳೆದದ್ದು ಅಂಥದೊಂದು ಕೋಣೆಯಲ್ಲಿ.

ಈ ಆಳಕ್ಕೆ ಒಂದು ಚರಿತ್ರೆಯಿದೆ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬಾತ ಈ ಸೀಮೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದ. 1875ರಲ್ಲಿ ಲವೆಲ್ ಎಂಬ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ ಗಣಿ ತೋಡುವ ಅಪ್ಪಣೆ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಕೆಲಸ ನಿಜವಾಗಿ ಹತ್ತಿತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ರೈಲು ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತುವುದಕ್ಕೆ ಮೂರು ವರ್ಷ ಮೊದಲೇ ಇಲ್ಲಿಯ ಯಂತ್ರಗಳು ತಿರುಗಿದುವು. ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಎಂಬ ಗಣಿಗಳು ಇಳಿಯುತ್ತ ಹೋದುವು. ಎತ್ತರಕ್ಕೆ ಹೆಸರಾದ ಬೆಟ್ಟದ ಹೆಸರನ್ನು ಆಳಕ್ಕೆ ಇಳಿಯುವ ಗಣಿಗೆ ಇಟ್ಟವರು ವಿನೋದಪ್ರಿಯರೇ ಇರಬೇಕು! ಚಾಂಪಿಯನ್ ರೀಫ್ ಸುಮಾರು ಮೂರು ಕಿಲೊಮೀಟರಿಗೂ ಮಿಗಿಲಾಗಿ ಇಳಿಯಿತು. ಅಲ್ಲಿಯ ಬಂಡೆಯ ಬಿಸಿ ಅರುವತ್ತು ಡಿಗ್ರಿಯನ್ನು ಮೀರುತ್ತಿತ್ತು. ಅದುಮಿಟ್ಟ ಬಂಡೆ ಒಮ್ಮೊಮ್ಮೆ ಸಿಡಿಯುತ್ತಿತ್ತು. ಆ ಆಳದ ಮೌನವೂ ಒಮ್ಮೆ ಕೆಲಸಕ್ಕೆ ಬಂತು. 1965ರಲ್ಲಿ, ಏಳು ಸಾವಿರ ಅಡಿಗೂ ಕೆಳಗೆ, ವಾತಾವರಣದಿಂದ ಹುಟ್ಟಿದ ನ್ಯೂಟ್ರಿನೊ ಕಣದ ಸುಳಿವನ್ನು ವಿಜ್ಞಾನಿಗಳು ಹಿಡಿದದ್ದು ಇಲ್ಲಿಯೇ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದುವು, 1962ರಲ್ಲಿ ಕೇಂದ್ರದ್ದಾದುವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ರಂದು ಮುಚ್ಚಿದುವು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತ್ತು.

ಪಂಪುಗಳು ನಿಂತ ಮೇಲೆ ನೀರು ಏರಿತು. ಮೂರು ತಲೆಮಾರಿನವರು ತೋಡಿದ ಹಂತಗಳು, ಅಂಗಳಗಳು, ಹಳಿಗಳು ಒಂದೊಂದಾಗಿ ಮುಳುಗಿದುವು. ತಂದೆಯವರು ಆ ದಿನಗಳಲ್ಲಿ ಊಟಕ್ಕೆ ಕುಳಿತಾಗ "ಈ ಹೊತ್ತಿಗೆ ನಮ್ಮ ಕೋಣೆಗೆ ಬಂದಿರಬೇಕು" ಎನ್ನುತ್ತಿದ್ದರು, ನೆಂಟರ ವಿಷಯ ಹೇಳುವಂತೆ. ಯಾರು ಎಂದು ನಾವು ಕೇಳುತ್ತಿರಲಿಲ್ಲ.

ಈಗ ಮೆಜೆಸ್ಟಿಕ್ಕಿಗೆ ಹಿಂದಿರುಗೋಣ. ಗಣಿಯನ್ನೂ ಈ ನಿಲ್ದಾಣವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಗಣಿಯಲ್ಲಿ ಬೇಕಾದದ್ದು ಕಲ್ಲು, ಉಳಿದ ಟೊಳ್ಳು ಬೇಡದ್ದು. ನಿಲ್ದಾಣದಲ್ಲಿ ಬೇಕಾದದ್ದೇ ಟೊಳ್ಳು. ತೆಗೆದ ಕಲ್ಲು ಮಣ್ಣು ಬೇಡದ್ದು. ಒಂದು ಕಡೆ ಬಯಲು ಕಸ, ಇನ್ನೊಂದು ಕಡೆ ಬಯಲೇ ಬಂಗಾರ. ಬಯಲಿನ ಬೆಲೆಯನ್ನು ಅಲ್ಲಮಪ್ರಭುಗಳ ನಾಡಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಆ ಬಯಲನ್ನು ಬಯಲಾಗಿ ಉಳಿಸಿಕೊಳ್ಳುವುದಕ್ಕೆ ಎಷ್ಟು ಕೈ ಬೇಕೆಂಬುದನ್ನು ನಾವು ಯೋಚಿಸಿದ್ದು ಕಡಮೆ.

ಮೆಜೆಸ್ಟಿಕ್ಕಿನ ನಿಲ್ದಾಣದಲ್ಲಿ ಎರಡು ದಾರಿಗಳು ಕೂಡುತ್ತವೆ: ಪೂರ್ವಪಶ್ಚಿಮವಾಗಿ ಹೋಗುವ ನೇರಳೆ ದಾರಿ, ಉತ್ತರದಕ್ಷಿಣವಾಗಿ ಹೋಗುವ ಹಸುರು ದಾರಿ. ಒಂದೇ ಮಟ್ಟದಲ್ಲಿ ಅಡ್ಡಹಾಯಲಾರವಾದ್ದರಿಂದ ಒಂದರ ಮೇಲೊಂದು ಹಾಯುತ್ತವೆ. ಟಿಕೀಟು ಕೊಳ್ಳುವ ಅಂಗಳದಿಂದ ಜನ ಮೆಟ್ಟಿಲಿಳಿದು ತಂತಮ್ಮ ಮಟ್ಟಕ್ಕೆ ಹಂಚಿಹೋಗುತ್ತಾರೆ. ನೇರಳೆ ದಾರಿ 2016ರಲ್ಲಿ, ಹಸುರು ದಾರಿ 2017ರ ಜೂನಿನಲ್ಲಿ ಇಲ್ಲಿ ತೆರೆದುವು. ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರು. ಸುರಂಗ ಕೊರೆದ ಯಂತ್ರಗಳಿಗೂ ಹೆಸರುಗಳಿದ್ದುವು: ಹೆಲೆನ್, ಮಾರ್ಗರಿಟಾ, ಕಾವೇರಿ, ಕೃಷ್ಣಾ, ಗೋದಾವರಿ. ಬೆಂಗಳೂರಿನ ನೆಲದಲ್ಲಿ ಒಂದು ಮಾರು ಮೆತ್ತನೆಯ ಮಣ್ಣಾದರೆ ಮುಂದಿನ ಮಾರು ಗಟ್ಟಿಬಂಡೆ. ಯಂತ್ರಗಳ ಹಲ್ಲು ಸವೆಯುತ್ತಿತ್ತು, ಕೆಲಸ ನಿಲ್ಲುತ್ತಿತ್ತು. ಆಗ ಪತ್ರಿಕೆಗಳಲ್ಲಿ ಗೋದಾವರಿಯ ಯೋಗಕ್ಷೇಮವನ್ನು ಓದುತ್ತಿದ್ದೆವು. ಸವೆದ ಹಲ್ಲನ್ನು ಬದಲಿಸಲು ಯಂತ್ರದ ಬಾಯೊಳಕ್ಕೆ ಹೋದವನ ಹೆಸರೇನು? ಅದನ್ನು ನಾವು ಓದಲಿಲ್ಲ, ಕೇಳಲೂ ಇಲ್ಲ.

ಈ ನಿಲ್ದಾಣ ನಿಂತಿರುವ ಸೀಮೆ ಯಾವುದೆಂಬುದನ್ನೂ ನೆನೆಯಬೇಕು. ಈಗಿನ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಎಂಬ ಕೆರೆಯಿತ್ತು. ಪೇಟೆಯ ಬಾಯಾರಿಕೆ ಹಿಂಗಿಸಿದ ಕೆರೆ. ಕೆರೆ ಬತ್ತಿ ಬಯಲಾಯಿತು, ಸುಭಾಷ್‌ನಗರದ ಮೈದಾನವಾಯಿತು, ಕಳೆದ ಶತಮಾನದ ಅರುವತ್ತರ ದಶಕದಲ್ಲಿ ಬಸ್ ನಿಲ್ದಾಣವಾಯಿತು, ಈಗ ಅದರ ಮಗ್ಗುಲಲ್ಲಿ ನೆಲದಡಿಯ ನಿಲ್ದಾಣ. ಜಾಗಕ್ಕೆ ನಾವು ಎಷ್ಟು ಹೆಸರು ಬದಲಿಸಿದರೂ ನೀರಿಗೆ ತನ್ನ ಹಳೆಯ ವಿಳಾಸ ಮರೆಯುವುದಿಲ್ಲ. ತಂದೆಯವರಿಗೆ ಧರ್ಮಾಂಬುಧಿಯ ಚರಿತ್ರೆ ತಿಳಿದಿರಲಿಲ್ಲ. ಆದರೆ ಅಂಗೈ ಗೋಡೆಗೆ ತಾಕಿದೊಡನೆ ಅವರು ಕೇಳಿದ್ದು ನೀರಿನ ವಿಷಯ.

ಈ ಪ್ರಸಂಗವನ್ನು ಹೇಳಿದಾಗ ಅರ್ಥಶಾಸ್ತ್ರ ಬೋಧಿಸುವ ನನ್ನ ಮಿತ್ರರೊಬ್ಬರು ನಕ್ಕರು. "ನೀವು ಕನ್ನಡ ಮೇಷ್ಟರುಗಳಿಗೆ ಎಲ್ಲದರಲ್ಲಿಯೂ ಕಣ್ಣೀರು ಬೇಕು. ಕೊರೆದವನಿಗೆ ಕೂಲಿ ಸಂದಿದೆ, ಕೊಟ್ಟವರು ಕೊಟ್ಟಿದ್ದಾರೆ. ನಾನು ಟಿಕೀಟಿಗೆ ಹಣ ತೆತ್ತಿದ್ದೇನೆ, ತೆರಿಗೆಯನ್ನೂ ತೆತ್ತಿದ್ದೇನೆ. ಲೆಕ್ಕ ಚುಕ್ತಾ. ಇನ್ನು ಋಣವೆಲ್ಲಿಂದ ಬಂತು? ಹಾಗೆ ನೋಡಿದರೆ ನಾನು ತೊಟ್ಟ ಅಂಗಿಯ ನೂಲು ತೆಗೆದವನಿಂದ ಹಿಡಿದು ಕುಡಿದ ಕಾಫಿಯ ಬೀಜ ಕೊಯ್ದವಳವರೆಗೆ ಎಲ್ಲರಿಗೂ ಋಣಿ. ಎಲ್ಲರಿಗೂ ಋಣಿಯಾದವನು ಯಾರಿಗೂ ಋಣಿಯಲ್ಲ!"

ಈ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ದಿನಕ್ಕೆ ಲಕ್ಷಗಟ್ಟಲೆ ಜನ ಓಡಾಡುವ ದಾರಿಯಲ್ಲಿ ಒಬ್ಬೊಬ್ಬರೂ ನಿಂತು ಗೋಡೆಗೆ ನಮಸ್ಕರಿಸಿ ಮುಂದೆ ಹೋಗಬೇಕೆಂದರೆ ಹಿಂದಿನವರಿಗೆ ರೈಲು ತಪ್ಪುತ್ತದೆ. ಕೂಲಿಯನ್ನು ಹಣವಾಗಿ ಎಣಿಸಿಕೊಡುವ ಪದ್ಧತಿಯೂ ಸಣ್ಣ ವಿಮೋಚನೆಯಲ್ಲ. ಹಣ ಎಣಿಸಿ ಮುಗಿಸುವುದಕ್ಕೆ ಮೊದಲು ಋಣವೆಂಬ ಮಾತನ್ನೇ ಹಗ್ಗ ಮಾಡಿ ಜೀತದಾಳನ್ನು ತಲೆಮಾರುಗಟ್ಟಲೆ ಕಟ್ಟಿಹಾಕಿದವರು ನಮ್ಮಲ್ಲಿಯೇ ಇದ್ದರು. ನಮ್ಮ ಗಣಿಗೆ ಸುತ್ತಲ ಸೀಮೆಗಳಿಂದ, ತಮಿಳು ನಾಡಿನಿಂದ ಬಂದ ಅನೇಕರು ಹಳ್ಳಿಯ ಆ ಋಣದಿಂದ ತಪ್ಪಿಸಿಕೊಂಡು ಬಂದವರು. ಅವರಿಗೆ ಲೆಕ್ಕ ಚುಕ್ತಾ ಆಗುವ ಕೂಲಿಯೇ ಮಾನ. ಆದ್ದರಿಂದ ಬೆಲೆಯನ್ನು ನಿಂದಿಸಿ ಋಣವನ್ನು ಹೊಗಳುವ ಸುಲಭದ ದಾರಿ ನನಗೆ ಬೇಡ.

ಆದರೂ ಮಿತ್ರರ ಲೆಕ್ಕದಲ್ಲಿ ಒಂದು ಕೊರತೆ ಇದೆಯೆಂದು ನನಗೆ ತೋರುತ್ತದೆ. ಗಣಿಗಿಳಿಯುವವನ ಕೈಯಲ್ಲಿಯೂ ಒಂದು ಟಿಕೀಟು ಇರುತ್ತಿತ್ತು. ಅದು ಅಂಕಿ ಹೊಡೆದ ಲೋಹದ ಬಿಲ್ಲೆ. ಇಳಿಯುವಾಗ ತೆಗೆದುಕೊಂಡು ಮೇಲೆ ಬಂದಾಗ ಒಪ್ಪಿಸಬೇಕು. ಪಾಳಿ ಮುಗಿದ ಮೇಲೆ ಒಂದು ಮೊಳೆ ಖಾಲಿ ಇದ್ದರೆ, ಆ ಅಂಕಿಯವನು ಇನ್ನೂ ಕೆಳಗಿದ್ದಾನೆ ಎಂದು ತಿಳಿಯುತ್ತಿತ್ತು. ಹುಡುಕುವುದಕ್ಕೆ ಜನ ಇಳಿಯುತ್ತಿದ್ದರು. ನನ್ನ ಟಿಕೀಟೂ ಆ ಬಿಲ್ಲೆಯೂ ನೋಡುವುದಕ್ಕೆ ಒಂದೇ ಜಾತಿಯವು. ಆದರೆ ಟಿಕೀಟು ಕೇಳುವುದು "ಹಣ ಕೊಟ್ಟೆಯಾ?" ಎಂದು, ಬಿಲ್ಲೆ ಕೇಳುವುದು "ಮೇಲೆ ಬಂದೆಯಾ?" ಎಂದು. ಈ ಎರಡು ಪ್ರಶ್ನೆಗಳ ನಡುವಣ ಅಂತರವೇ ಬೆಲೆಗೂ ಋಣಕ್ಕೂ ಇರುವ ಅಂತರ. ಬೆಲೆ ಕೊಟ್ಟೊಡನೆ ಮೊದಲನೆಯ ಪ್ರಶ್ನೆ ಮುಗಿಯುತ್ತದೆ. ಎರಡನೆಯದು ಮನುಷ್ಯ ಮೇಲೆ ಬರುವವರೆಗೆ ಮುಗಿಯುವುದಿಲ್ಲ.

ಇದಕ್ಕೆ ಕಾರಣವೂ ಇದೆ. ಕೊಳ್ಳುವ ಮಾರುವ ವ್ಯವಹಾರ ಮಾಡಿ ಮುಗಿಸಿದ ವಸ್ತುವಿಗೆ ಸರಿಹೊಂದುತ್ತದೆ. ಅಂಗಿಯನ್ನು ಕೊಂಡೆ, ಅದು ನನ್ನದು. ನೇಯ್ದವನು ಇಂದು ಮಲಗಿದ್ದರೂ ನನ್ನ ಅಂಗಿ ಬಿಚ್ಚಿಹೋಗುವುದಿಲ್ಲ. ನೆಲದಡಿಯ ಬಯಲು ಹಾಗಲ್ಲ. ಅದು ಮಾಡಿ ಮುಗಿಸಿದ ವಸ್ತುವಲ್ಲ, ಮಾಡುತ್ತಲೇ ಇರಬೇಕಾದ ಕೆಲಸ. ಮಣ್ಣು ಒತ್ತುತ್ತಲೇ ಇರುತ್ತದೆ, ನೀರು ಒಸರುತ್ತಲೇ ಇರುತ್ತದೆ, ಗಾಳಿ ಕೆಡುತ್ತಲೇ ಇರುತ್ತದೆ. ಯಾರೋ ಒಬ್ಬರ ಎಚ್ಚರದ ಮೇಲೆ ನಾನು ಈ ಕ್ಷಣ ನಿಂತಿದ್ದೇನೆ. ಪಂಪು ನಿಂತರೆ ಏನಾಗುತ್ತದೆಂಬುದಕ್ಕೆ ಕೋಲಾರದ ಗಣಿಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಯಾರ ಎಚ್ಚರದಲ್ಲಿ ನಾನು ಬದುಕುತ್ತಿದ್ದೇನೆಯೊ ಅವರಿಗೂ ನನಗೂ ನಡುವೆ ಇರುವುದು ಬರಿಯ ವ್ಯಾಪಾರವಲ್ಲ, ಸಂಬಂಧ. ವ್ಯಾಪಾರ ಮುಗಿಯಬಹುದು, ಸಂಬಂಧವನ್ನು ನಿಭಾಯಿಸಬೇಕು.

ಋಣವನ್ನು ತೀರಿಸುವುದು ಹೇಗೆ? ನಮ್ಮ ಹಿರಿಯರು ಹೇಳಿದ ಋಷಿಋಣದ ಕಲ್ಪನೆ ಇಲ್ಲಿ ನೆರವಿಗೆ ಬರುತ್ತದೆ. ಕಲಿಸಿದ ಗುರುವಿಗೆ ಕಲಿಕೆಯನ್ನು ಹಿಂದಿರುಗಿಸುವುದು ಸಾಧ್ಯವಿಲ್ಲ. ಇನ್ನೊಬ್ಬನಿಗೆ ಕಲಿಸಿದರೆ ಋಣ ತೀರಿತು. ಎಂದರೆ ಬೆಲೆ ಹಿಂದಕ್ಕೆ ಸಲ್ಲುತ್ತದೆ, ಋಣ ಮುಂದಕ್ಕೆ ಸಲ್ಲುತ್ತದೆ. ಕೆರೆ ಕಟ್ಟಿಸಿದವರ ಮನಸ್ಸಿನಲ್ಲಿದ್ದದ್ದೂ ಇದೇ. ಧರ್ಮಾಂಬುಧಿ ಎಂಬ ಹೆಸರಿನಲ್ಲಿಯೇ ಅದು ಇದೆ. ಕೆರೆಯ ನೀರು ಕುಡಿದವನು ಕಟ್ಟಿಸಿದವನ ಮನೆಗೆ ಹೋಗಿ ಹಣ ಕೊಡಬೇಕಾಗಿರಲಿಲ್ಲ. ಹೂಳೆತ್ತುವ ದಿನ ಬಂದು ಒಂದು ಬುಟ್ಟಿ ಮಣ್ಣು ಹೊತ್ತರೆ ಸಾಕಾಗಿತ್ತು. ಹೂಳೆತ್ತುವುದು ಯಾರ ಪಾಲಿಗೂ ಇಲ್ಲವಾದಾಗ ಕೆರೆ ಹೋಯಿತು.

ನಮ್ಮ ಗಣಿಯ ಕಥೆಯನ್ನು ಈ ಅಳತೆಗೋಲಿನಿಂದ ನೋಡಿದರೆ ಎಲ್ಲಿ ತಪ್ಪಿತೆಂಬುದು ಕಾಣುತ್ತದೆ. ಲಂಡನ್ನಿನ ಷೇರುದಾರನೊಬ್ಬ ನೆಲದಡಿಯ ರೈಲಿನಲ್ಲಿ ಕುಳಿತು, ಕೋಲಾರದ ಲಾಭದ ಲೆಕ್ಕವನ್ನು ಪತ್ರಿಕೆಯಲ್ಲಿ ಓದುತ್ತ ಕಚೇರಿಗೆ ಹೋಗಿದ್ದರೂ ಹೋಗಿರಬಹುದು. ಅವನು ಕೆಟ್ಟವನಾಗಿರಬೇಕಾದ್ದಿಲ್ಲ. ಅವನು ಕೂಲಿ ಕೊಟ್ಟಿದ್ದ, ಲೆಕ್ಕ ಚುಕ್ತಾ. ಅವನಾದ ಮೇಲೆ ಬಂದ ನಾವೂ, ಎಂದರೆ ನಾಡೂ ದೇಶವೂ, ಚಿನ್ನ ಇರುವವರೆಗೆ ಚಿನ್ನವನ್ನು ಎಣಿಸಿದೆವು. ಟನ್ನು ಕಲ್ಲಿಗೆ ಮೂರು ನಾಲ್ಕು ಗ್ರಾಂ ಬರುವ ಕಾಲಕ್ಕೆ ಲೆಕ್ಕ ಕೂಡಲಿಲ್ಲ, ಬಾಗಿಲು ಹಾಕಿದೆವು. ಲೆಕ್ಕ ತಪ್ಪಿತ್ತೆಂದು ನಾನು ಹೇಳಲಾರೆ. ಆದರೆ ಲೆಕ್ಕದ ಪುಸ್ತಕ ಮುಚ್ಚಿದ ಮೇಲೆಯೂ ಬಿಲ್ಲೆಯ ಮೊಳೆಗಳು ಖಾಲಿ ಉಳಿದಿದ್ದುವು. ಆ ಊರಿನವರು ಮೇಲೆ ಬಂದರೆ, ಬಂದು ಎಲ್ಲಿಗೆ ಹೋದರು, ಎಂದು ಕೇಳುವವರು ಕಡಮೆಯಾದರು. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಮಬ್ಬುಗತ್ತಲಲ್ಲಿ ಎದ್ದು, ಮಾರಿಕುಪ್ಪದಿಂದ ಹೊರಡುವ ರೈಲು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಪಾಳಿ ಬದಲಾಗಿಲ್ಲ, ಇಳಿಯುವ ದಿಕ್ಕು ಮಾತ್ರ ಬದಲಾಗಿದೆ.

ಊರಿನ ತಪ್ಪನ್ನು ಎತ್ತಿ ಆಡಿದವನು ತನ್ನ ತಪ್ಪನ್ನು ಮುಚ್ಚಿಟ್ಟರೆ ಸಲ್ಲದು. ನಾನು ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ, ತಂದೆಯವರು ಏನು ಮಾಡುತ್ತಾರೆ ಎಂದು ಕೇಳಿದವರಿಗೆ "ಗಣಿ ಕಚೇರಿಯಲ್ಲಿದ್ದಾರೆ" ಎನ್ನುತ್ತಿದ್ದೆ. ಪಂಪು ನೋಡುತ್ತಾರೆ ಎಂಬ ಮಾತು ನಾಲಗೆಗೆ ಬರುತ್ತಿರಲಿಲ್ಲ. ಅವರ ಕೂಲಿಯಿಂದಲೇ ನನ್ನ ಫೀಸು ಸಲ್ಲುತ್ತಿತ್ತು. ಬೆಲೆ ಅವರಿಂದ ಬರುತ್ತಿತ್ತು. ನಾನು ಉಳಿಸಿಕೊಂಡದ್ದು ಋಣವನ್ನು. ಒಮ್ಮೆ ಅವರು ಹಾಸ್ಟೆಲಿಗೆ ಬಂದಾಗ ಕೋಣೆಯ ಗೆಳೆಯನೊಬ್ಬ ನನ್ನೆದುರಿಗೇ "ತಾವು ಗಣಿಯ ಕಚೇರಿಯಲ್ಲಂತೆ" ಎಂದು ಕೇಳಿದ. ಅವರು "ಹೌದಪ್ಪ" ಎಂದು ಹೇಳಿ ಬೇರೆ ಮಾತು ತೆಗೆದರು. ನಾನು ಆ ವಿಷಯವನ್ನು ಮತ್ತೆ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಆ ದಿನ ಮೆಜೆಸ್ಟಿಕ್ಕಿನಲ್ಲಿ ಪ್ಲಾಟ್‌ಫಾರಮ್ಮಿನ ಕೊನೆಯ ಬಾಗಿಲಿನಿಂದ ಕೆಲಸದ ಉಡುಪಿನ ತರುಣನೊಬ್ಬ ಹೊರಗೆ ಬಂದ. ತಂದೆಯವರು ಅವನನ್ನು ತಡೆದು ಅದೇ ಪ್ರಶ್ನೆ ಕೇಳಿದರು. ಅವನು ಮೊದಲು ಬೆರಗಾದ. ಆಮೇಲೆ ಅವನ ಮುಖ ಅರಳಿತು. ಕೆಳಗೆ ತೊಟ್ಟಿ ಇದೆ, ಒಸರಿದ್ದೆಲ್ಲ ಹರಿದು ಅದಕ್ಕೆ ಬರುತ್ತದೆ, ಪಂಪು ಎತ್ತಿ ಮೇಲಕ್ಕೆ ಹಾಕುತ್ತದೆ ಎಂದ. ಒಂದು ಪಂಪು ಕೆಟ್ಟರೆ? ಇನ್ನೊಂದಿದೆ. ಕರೆಂಟು ಹೋದರೆ? ಅದಕ್ಕೂ ಏರ್ಪಾಟಿದೆ. ಮಳೆಗಾಲದಲ್ಲಿ? ಅವನು ತಲೆ ಕೆರೆದುಕೊಂಡು, "ಆಗ ನಿದ್ದೆ ಕಡಮೆ, ತಾತ" ಎಂದ. ಇಬ್ಬರೂ ನಕ್ಕರು. ಎರಡು ರೈಲು ಹೋದುವು. ತರುಣ ಕೇಳಿದ: "ನೀವು ಎಲ್ಲಿ ಕೆಲಸ ಮಾಡುತ್ತಿದ್ದಿರಿ?" ತಂದೆಯವರು ಒಮ್ಮೆ ನನ್ನ ಕಡೆ ನೋಡಿ, "ಗಣಿ ಕಚೇರಿಯಲ್ಲಿದ್ದೆ" ಎಂದರು.

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನನ್ನ ಸುಳ್ಳನ್ನು ಅವರು ಸೋರದಂತೆ ಕಾದಿದ್ದರು. ನಾನು ಹೇಳಿದೆ: "ಕಚೇರಿಯಲ್ಲ. ನಂದಿದುರ್ಗದ ಗಣಿಯಲ್ಲಿ, ನೆಲದಡಿಯಲ್ಲಿ, ಮೂವತ್ತು ವರ್ಷ ಪಂಪು ನೋಡಿಕೊಂಡರು." ತರುಣ ಅವರ ಕೈ ಹಿಡಿದುಕೊಂಡ. ತಂದೆಯವರು ಏನೂ ಅನ್ನಲಿಲ್ಲ. ರೈಲು ಬಂತು, ಹತ್ತಿದೆವು.

ಇಷ್ಟರಿಂದ ಋಣ ತೀರಿತೆಂದು ನಾನು ತಿಳಿದಿಲ್ಲ. ಗೋಡೆಯ ಹಿಂದಿನವರನ್ನೆಲ್ಲ ನಾವು ಹೆಸರಿಟ್ಟು ಕರೆಯಲಾರೆವು ಎಂಬ ಮಿತ್ರರ ಮಾತು ಈಗಲೂ ನಿಜವೇ. ಆದರೆ ಅವರು ಇಲ್ಲವೆಂಬಂತೆ ಮಾತನಾಡದಿರುವುದು ನಮ್ಮ ಕೈಯಲ್ಲಿದೆ. ಊರೊಂದು ಹೊಸ ಸುರಂಗಕ್ಕೆ ಗುದ್ದಲಿ ಹಾಕುವಾಗ, ಎಷ್ಟು ಬೇಗ, ಎಷ್ಟು ಹಣ ಎಂದು ಕೇಳುವ ನಾಗರಿಕರು, ಇಳಿದವರು ಮೇಲೆ ಬಂದರೆ, ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋದರು, ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬಹುದು. ಮೆಟ್ರೊವಿಗೆ ನಾವು ಇಟ್ಟಿರುವ ಹೆಸರು "ನಮ್ಮ ಮೆಟ್ರೊ" ಎಂದು. ನಮ್ಮ ಎಂಬ ಮಾತಿನೊಳಗೆ ಪಂಪಿನ ಕೋಣೆಯವನೂ ಸೇರುತ್ತಾನೆಯೇ ಎಂಬುದನ್ನು ಅವರವರೇ ಕೇಳಿಕೊಳ್ಳಬೇಕು. ತಂದೆಯವರ ಕಣ್ಣಿನ ಪೊರೆ ತೆಗೆದದ್ದಾಯಿತು. ಈಗ ಚೆನ್ನಾಗಿ ಕಾಣುತ್ತದೆಯಂತೆ. ಮಳೆಗಾಲ ಬಂದರೆ ಮಾತ್ರ, "ಆ ಹುಡುಗನಿಗೆ ಈ ಹೊತ್ತು ನಿದ್ದೆಯಿಲ್ಲ" ಎನ್ನುತ್ತಾರೆ.